ಚಕ್ಕುಬಂದಿ ಓದುವವರು

ಮದುವೆ ಮನೆಯಲ್ಲಿ ಊಟದ ಪಂಕ್ತಿಗೆ ಕಾಯುತ್ತ ಕೂತಾಗ ನಮ್ಮ ಕಡೆ ಮಾತು ಶುರುವಾಗುವುದೇ ಮಕ್ಕಳ ಓದಿನಿಂದ. ಇಂಜಿನಿಯರಿಂಗ್ ಎಂದರೆ ಯಾವ ಬ್ರಾಂಚು ಎಂದು ಕೇಳುತ್ತಾರೆ. ಮೆಡಿಕಲ್ ಎಂದರೆ ಸೀಟು ಎಲ್ಲಿ ಸಿಕ್ಕಿತು ಎಂದು ಕೇಳುತ್ತಾರೆ. ಬಿ.ಎ. ಎಂದಾಕ್ಷಣ ‘ಒಳ್ಳೇದು, ಒಳ್ಳೇದು’ ಎಂದು ಮಾತು ಅಲ್ಲಿಗೇ ನಿಲ್ಲುತ್ತದೆ. ಹೇಳಿದ ಹುಡುಗಿ ತಲೆ ತಗ್ಗಿಸುತ್ತಾಳೆ. ಪಕ್ಕದಲ್ಲಿದ್ದರೆ ನಾನು ಸುಮ್ಮನಿರುವುದಿಲ್ಲ. ‘ಯಾವ ಕಾಂಬಿನೇಷನ್ನಮ್ಮ?’ ಎಂದು ಕೇಳುತ್ತೇನೆ. ಅಷ್ಟು ಕೇಳಿದರೆ ಸಾಕು, ಮುಖ ಮೇಲೇಳುತ್ತದೆ. ‘ಎಚ್‌ಇಪಿ ಮೇಡಂ.’

ಎಚ್‌ಇಪಿ ಎಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಕೊನೆಯದರ ಜಾಗದಲ್ಲಿ ಸಮಾಜಶಾಸ್ತ್ರ ಬಂದರೆ ಎಚ್‌ಇಎಸ್, ಐಚ್ಛಿಕ ಕನ್ನಡ ಬಂದರೆ ಎಚ್‌ಇಕೆ. ನಮ್ಮ ರಾಜ್ಯದ ಸರ್ಕಾರಿ ಕಾಲೇಜುಗಳಲ್ಲಿ ತಲೆಮಾರುಗಟ್ಟಲೆ ಮಕ್ಕಳು ಈ ಮೂರಕ್ಷರಗಳಲ್ಲಿ ತಮ್ಮನ್ನು ಗುರುತಿಸಿಕೊಂಡು ಬಂದಿದ್ದಾರೆ. 2021ರಲ್ಲಿ ಹೊಸ ಶಿಕ್ಷಣ ನೀತಿ ಬಂದು ನಾಲ್ಕು ವರ್ಷದ ಪದವಿ ಅಂದರು, 2024ರಲ್ಲಿ ಮತ್ತೆ ಮೂರೇ ವರ್ಷ ಅಂದರು. ನಡುವೆ ಸಿಕ್ಕ ಮಕ್ಕಳು ಯಾವ ಪತ್ರಿಕೆ ಯಾವ ಸೆಮಿಸ್ಟರಿಗೆ ಎಂದು ತಿಳಿಯದೆ ನೋಟಿಸ್ ಬೋರ್ಡಿನ ಮುಂದೆ ನಿಂತಿದ್ದನ್ನು ಕಂಡು ಸಂಕಟಪಟ್ಟಿದ್ದೇನೆ. ಅದರ ಮಾತು ಇಷ್ಟು ಸಾಕು.

ನಾನು ತಾಲ್ಲೂಕು ಕೇಂದ್ರವೊಂದರ ಪ್ರಥಮ ದರ್ಜೆ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಬೆಳಗಿನ ಮೊದಲ ಬಸ್ಸಿಗೆ ಹಳ್ಳಿಯಿಂದ ಬರುವ ಮಕ್ಕಳು. ಹಾಲು ಡೇರಿಗೆ ಹಾಕಿ ಬಂದವರಿರುತ್ತಾರೆ, ಸಂಜೆ ಅಂಗಡಿಯಲ್ಲಿ ಲೆಕ್ಕ ಬರೆಯುವವರಿರುತ್ತಾರೆ. ಹೆಣ್ಣುಮಕ್ಕಳೇ ಹೆಚ್ಚು. ಬೇರೆಲ್ಲೂ ಸೀಟು ಸಿಗದೆ ಬಂದವರು ಇವರು ಎಂದು ಊರು ತಿಳಿದಿದೆ. ಆ ತಿಳಿವಳಿಕೆ ಮಕ್ಕಳ ಮನಸ್ಸಿಗೂ ಇಳಿದಿರುತ್ತದೆ. ಅದನ್ನು ಕಳೆಯುವುದಕ್ಕೇ ನನ್ನ ಮೊದಲ ಸೆಮಿಸ್ಟರಿನ ಅರ್ಧ ಹೋಗುತ್ತದೆ.

ಹೋದ ವರ್ಷ ಒಬ್ಬ ತಂದೆ ಮಗಳ ಜೊತೆ ಸ್ಟಾಫ್ ರೂಮಿಗೆ ಬಂದರು.

‘ಮೇಡಂ, ಇವಳು ಬಿ.ಎ. ಆದ್ಮೇಲೆ ಲಾ ಓದ್ತೀನಿ ಅಂತಾಳೆ. ಬೇಡ ಅಂತ ನೀವಾದ್ರೂ ಒಂದ್ಮಾತು ಹೇಳಿ.’

‘ಯಾಕಣ್ಣ, ಬೇಡ ಅನ್ನೋದು?’

‘ಕೋರ್ಟು ಕಚೇರಿ ಮೆಟ್ಲು ಹತ್ಬೇಡ ಅಂತ ನಮ್ಮಪ್ಪ ಹೇಳೋರು. ನಮ್ದೇ ಒಂದು ಪಾಲಿನ ಕೇಸು ನನ್ನ ಮದುವೆಗೆ ಮುಂಚಿಂದ ನಡೀತಾ ಅದೆ.’

‘ಆ ಕೇಸಿನ ಕಾಗದ ಓದಿದ್ದೀರಾ?’

‘ನಾನೆಲ್ಲಿ ಓದ್ಲಿ ಮೇಡಂ. ವಕೀಲರು ವಾಯಿದೆ ಹೇಳ್ತಾರೆ, ಹೋಗಿ ಬರ್ತೀನಿ.’

‘ಹಂಗಾದ್ರೆ ಇವಳು ಓದ್ಲಿ ಬಿಡಿ ಅಣ್ಣ.’

ಮಗಳು ಆಗ ಏನೂ ಮಾತಾಡಲಿಲ್ಲ. ಮುಂದಿನ ವಾರ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಆ ಕೇಸಿನ ಕಾಗದಗಳನ್ನೆಲ್ಲ ತುಂಬಿಕೊಂಡು ಬಂದಳು. ಅಜ್ಜನ ಕಾಲದ ಪಾಲುಪಟ್ಟಿ, ಎರಡು ಕ್ರಯಪತ್ರ, ದಾವೆಯ ನಕಲು, ಹಳೆಯ ಪಹಣಿ. ಬಿಡುವಿನ ವೇಳೆಯಲ್ಲಿ ಇಬ್ಬರೂ ಕೂತು ಓದಿದೆವು. ನಾನು ಕಾನೂನು ಓದಿದವಳಲ್ಲ. ಆದರೆ ಒಂದು ಕ್ರಯಪತ್ರದ ಕೊನೆಗೆ ಬಂದಾಗ ನನಗೆ ಬಹಳ ಪರಿಚಯದ ಜಾಗಕ್ಕೆ ಬಂದ ಹಾಗಾಯಿತು. ಚಕ್ಕುಬಂದಿ! ಪೂರ್ವಕ್ಕೆ ಇಂಥವರ ಗದ್ದೆ, ಪಶ್ಚಿಮಕ್ಕೆ ಸರ್ಕಾರಿ ಹಳ್ಳ, ಉತ್ತರಕ್ಕೆ ಗಾಡಿ ದಾರಿ, ದಕ್ಷಿಣಕ್ಕೆ ದೇವರ ಬನ. ಇದನ್ನು ನಾನು ಶಾಸನಗಳಲ್ಲಿ ಎಷ್ಟು ಸಲ ಓದಿಲ್ಲ! ಬಿ.ಎಲ್. ರೈಸ್ ಅವರು ಹಳ್ಳಿ ಹಳ್ಳಿಗಳ ಶಾಸನಗಳನ್ನು ಸಂಗ್ರಹಿಸಿ ತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನು ಯಾರಾದರೂ ಬಿಡಿಸಿ ನೋಡಲಿ. ದಾನ ಕೊಟ್ಟ ಭೂಮಿಯ ಎಲ್ಲೆಯನ್ನು ಕಲ್ಲಿನ ಮೇಲೆ ಹೀಗೆಯೇ ದಿಕ್ಕು ಹಿಡಿದು ಹೇಳಿದ್ದಾರೆ: ಒಂದು ಹುಣಸೆಮರ, ಒಂದು ಕೆರೆಯ ಕೋಡಿ, ನೆಟ್ಟ ಕಲ್ಲು, ಹುತ್ತ. ಬರೆಸಿದವರ ಹೆಸರುಂಟು, ಸಾಕ್ಷಿಗಳುಂಟು, ತಿಥಿವಾರಗಳುಂಟು. ಕಡೆಯಲ್ಲಿ, ಈ ದಾನವನ್ನು ಕೆಡಿಸಿದವನಿಗೆ ತಟ್ಟುವ ಪಾಪದ ಪಟ್ಟಿಯೂ ಉಂಟು.

ಆ ಪಾಪದ ಪಟ್ಟಿಯನ್ನು ಅಲಂಕಾರ ಎಂದು ಹಾರಿಸಿ ಓದುವವರಿದ್ದಾರೆ. ಹಾಗೆ ಓದಬಾರದು. ರಾಜವಂಶ ಬದಲಾದ ಮೇಲೆ ಹಳೆಯ ರಾಜನ ಆಜ್ಞೆಯನ್ನು ಎತ್ತಿಹಿಡಿಯುವವರು ಯಾರು? ಬರಲಿರುವ, ಇನ್ನೂ ಹುಟ್ಟದ ಅರಸನನ್ನು ಕಟ್ಟಿಹಾಕುವುದು ಹೇಗೆ? ಶಾಸನ ಬರೆಸಿದವರು ಈ ಪ್ರಶ್ನೆಗೆ ತಮಗೆ ತಿಳಿದ ಉತ್ತರ ಕೊಟ್ಟಿದ್ದಾರೆ. ಮುಂದೆ ಬರುವ ಅಧಿಕಾರಸ್ಥನ ಕೈಯನ್ನು ಇಂದೇ ಹಿಡಿಯುವುದು ಹೇಗೆ ಎಂಬ ಈ ಪ್ರಶ್ನೆ ಸಂವಿಧಾನ ಬರೆದವರ ಪ್ರಶ್ನೆಯೂ ಹೌದು. ಆ ಹುಡುಗಿಗೆ ನಾನು ಇದನ್ನು ಹೇಳಿದಾಗ ಅವಳು ಕೇಳಿದ್ದು: ‘ಹಂಗಾದ್ರೆ ಇತಿಹಾಸದ ಕ್ಲಾಸಲ್ಲಿ ನಾವು ಓದೋದು ಲಾನೇ ಅಲ್ವಾ ಮೇಡಂ?’

ಅಲ್ಲ, ಆದರೆ ಹೌದು. ನನ್ನ ಮಟ್ಟಿಗೆ ಕಾನೂನನ್ನು ಒಂಟಿಯಾಗಿ ಓದುವುದಕ್ಕೆ ಬರುವುದೇ ಇಲ್ಲ. ಅದರ ಒಂದೊಂದು ಕಲಮಿನ ಕೆಳಗೂ ಒಂದು ಊರು, ಒಂದು ಜಗಳ, ಒಂದು ಬೆಳೆ, ಒಂದು ಜಾತಿ, ಒಂದು ಚುನಾವಣೆ ಕೂತಿರುತ್ತದೆ. ಇದನ್ನೆಲ್ಲ ಓದುವ ವಿಷಯಗಳನ್ನು ಆರ್ಟ್ಸ್ ಎಂದು ಒಂದು ಕಡೆಗೆ ಸರಿಸಿ, ಕಾನೂನನ್ನು ವೃತ್ತಿ ಎಂದು ಇನ್ನೊಂದು ಕಡೆ ಇಟ್ಟಿದ್ದೇವೆ. ಇದರಿಂದ ಎರಡಕ್ಕೂ ನಷ್ಟವಾಗಿದೆ.

ಇದನ್ನು ತೋರಿಸಲು ದೂರ ಹೋಗಬೇಕಿಲ್ಲ. ಕಾಸರಗೋಡಿನ ಹತ್ತಿರ ಎಡನೀರು ಎಂಬ ಊರಿದೆ. ಅಲ್ಲಿ ಶಂಕರ ಪರಂಪರೆಯ ಒಂದು ಮಠ. 1960ರ ದಶಕದಲ್ಲಿ ಮಠದ ಪೀಠದಲ್ಲಿದ್ದವರು ಎಳೆಯ ವಯಸ್ಸಿನ ಸ್ವಾಮೀಜಿ, ಕೇಶವಾನಂದ ಭಾರತಿ. ಯಕ್ಷಗಾನ, ಸಂಗೀತ ಎಂದರೆ ಪ್ರಾಣ. ಕೇರಳದ ಭೂಸುಧಾರಣಾ ಕಾನೂನಿನಿಂದ ಮಠದ ಜಮೀನು ಹೋಗುವುದಾಯಿತು. 1970ರಲ್ಲಿ ಅವರು ಸುಪ್ರೀಂ ಕೋರ್ಟಿಗೆ ಹೋದರು. ಅವರ ಪರ ವಾದಿಸಿದವರು ನಾನಿ ಪಾಲ್ಖಿವಾಲಾ. ಹದಿಮೂರು ಮಂದಿ ನ್ಯಾಯಮೂರ್ತಿಗಳ ಪೀಠ ಕೂತಿತು. ಅದಕ್ಕಿಂತ ದೊಡ್ಡ ಪೀಠ ಮುಂಚೆಯೂ ಇಲ್ಲ, ಆಮೇಲೂ ಇಲ್ಲ. ವಿಚಾರಣೆ 68 ದಿನ ನಡೆಯಿತು. 1973ರ ಏಪ್ರಿಲ್ 24ರಂದು ಏಳು ಆರರ ಅಂತರದಲ್ಲಿ ತೀರ್ಪು ಬಂತು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂಬುದು ಅದರ ಸಾರ. ಮಠದ ಭೂಮಿ ತಿರುಗಿ ಬರಲಿಲ್ಲ. ದೇಶಕ್ಕೆ ಮಾತ್ರ ಒಂದು ಕಾವಲು ಸಿಕ್ಕಿತು. ಇಂದು ಭಾರತದಲ್ಲಿ ಕಾನೂನು ಓದುವ ಪ್ರತಿ ವಿದ್ಯಾರ್ಥಿಯೂ ಎಡನೀರಿನ ಸ್ವಾಮೀಜಿಯ ಹೆಸರನ್ನು ಬರೆಯದೆ ಪರೀಕ್ಷೆ ದಾಟುವುದಿಲ್ಲ. 2020ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು.

ಈಗ ಈ ಮೊಕದ್ದಮೆಯನ್ನು ಒಬ್ಬ ಎಚ್‌ಇಪಿ ವಿದ್ಯಾರ್ಥಿನಿಯ ಕೈಗೆ ಕೊಡಿ. ಅವಳ ಮೊದಲ ಪ್ರಶ್ನೆ: ಕನ್ನಡ ಮಾತಾಡುವ ಈ ಮಠದ ಕೇಸಿನಲ್ಲಿ ಎದುರಾಳಿ ಕೇರಳ ಹೇಗಾಯಿತು? ಅದಕ್ಕೆ 1956ರ ರಾಜ್ಯ ಪುನರ್ವಿಂಗಡಣೆ ಓದಬೇಕು. ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ಆ ವರ್ಷದ ನವೆಂಬರ್ ಒಂದರಂದು ಕೇರಳಕ್ಕೆ ಸೇರಿದ್ದು, ಕವಿ ಕಯ್ಯಾರ ಕಿಞ್ಞಣ್ಣ ರೈ ಅಂಥವರು ಅದಕ್ಕಾಗಿ ಮರುಗಿ ಹೋರಾಡಿದ್ದು, ಗಡಿ ವಿವಾದದ ಮಹಾಜನ ಆಯೋಗ ಎಲ್ಲವೂ ಬರುತ್ತದೆ. ಎರಡನೆಯ ಪ್ರಶ್ನೆ: ಮಠಕ್ಕೆ ಅಷ್ಟು ಜಮೀನು ಎಲ್ಲಿಂದ ಬಂತು, ಅದನ್ನು ಉತ್ತವರು ಯಾರು? ಅಲ್ಲಿಗೆ ಮೂಲಗೇಣಿ, ಚಾಲಗೇಣಿ ಎಂಬ ಒಕ್ಕಲುತನದ ಬಗೆಗಳು ಬಂದವು, ಅರ್ಥಶಾಸ್ತ್ರ, ಸಮಾಜಶಾಸ್ತ್ರ ಎರಡೂ ಬಂದವು. ಮೂರನೆಯದು: ಏಳು ಮಂದಿಯ ಕಡೆ ಯಾರಿದ್ದರು, ಆಮೇಲೆ ಅವರಿಗೆ ಏನಾಯಿತು? ಅಲ್ಲಿ ಇನ್ನೊಬ್ಬ ಕರಾವಳಿಯವರು ಸಿಗುತ್ತಾರೆ. ಕಾರ್ಕಳ ತಾಲ್ಲೂಕಿನ ಕೌಡೂರಿನ ಕೆ.ಎಸ್. ಹೆಗ್ಡೆ. ತೀರ್ಪಿನ ಬೆನ್ನಿಗೇ ಸರ್ಕಾರ ಶೆಲಟ್, ಹೆಗ್ಡೆ, ಗ್ರೋವರ್ ಈ ಮೂವರು ಹಿರಿಯರನ್ನು ಬದಿಗಿಟ್ಟು ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟು ಹೊರಬಂದರು. ಹೆಗ್ಡೆಯವರು 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಗೆದ್ದು ಲೋಕಸಭೆಯ ಸ್ಪೀಕರ್ ಆದರು. ಅರ್ಜಿ ಹಾಕಿದವರು ಎಡನೀರಿನವರು, ಅವರು ಎತ್ತಿದ ಪ್ರಶ್ನೆಗೆ ನ್ಯಾಯಪೀಠದಲ್ಲಿ ಕೂತು ಉತ್ತರ ಬರೆದವರಲ್ಲೊಬ್ಬರು ಕಾರ್ಕಳದವರು. ಇದನ್ನು ಹೇಳಿದಾಗ ತರಗತಿಯಲ್ಲಿ ಒಂದು ಅಲೆ ಎದ್ದಂತಾಗುತ್ತದೆ. ದಿಲ್ಲಿಯ ದೊಡ್ಡ ಮಾತುಗಳಲ್ಲಿ ನಮ್ಮ ಕಡೆಯವರೂ ಇದ್ದಾರೆ ಎಂದು ತಿಳಿದ ಮಕ್ಕಳು ಆಮೇಲೆ ಓದುವ ರೀತಿಯೇ ಬೇರೆ.

ಬೊಮ್ಮಾಯಿ ಮೊಕದ್ದಮೆಯೂ ಹಾಗೆಯೇ. 1989ರ ಏಪ್ರಿಲಿನಲ್ಲಿ ಬೆಂಬಲ ಹಿಂತೆಗೆದ ಶಾಸಕರ ಪತ್ರಗಳನ್ನು ನೆಚ್ಚಿ ರಾಜ್ಯಪಾಲರು ವರದಿ ಕಳಿಸಿದರು. ವಿಧಾನಸಭೆಯಲ್ಲೇ ಬಹುಮತ ತೋರಿಸುತ್ತೇನೆ ಎಂದ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರ ಮಾತು ನಡೆಯಲಿಲ್ಲ, ಸರ್ಕಾರ ವಜಾ ಆಯಿತು. 1994ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು, ಬಹುಮತದ ಲೆಕ್ಕ ಆಗಬೇಕಾದದ್ದು ಸದನದಲ್ಲಿ, ರಾಜಭವನದಲ್ಲಿ ಅಲ್ಲ ಎಂದರು. ಆಮೇಲೆ ಯಾವ ರಾಜ್ಯದಲ್ಲಿ ಸರ್ಕಾರ ಅಲುಗಿದರೂ ಟಿ.ವಿ.ಯಲ್ಲಿ ಬರುವ ಹೆಸರು ಬೊಮ್ಮಾಯಿ. ಮಕ್ಕಳಿಗೆ ಹೆಸರು ಗೊತ್ತು, ಕತೆ ಗೊತ್ತಿಲ್ಲ. ರಾಜ್ಯಶಾಸ್ತ್ರದ ಪುಸ್ತಕದಲ್ಲಿ ರಾಷ್ಟ್ರಪತಿ ಆಳ್ವಿಕೆಯ 356ನೇ ವಿಧಿ ಒಂದು ಪುಟ, ಕರ್ನಾಟಕದ ರಾಜಕೀಯ ಇನ್ನೊಂದು ಪುಟ. ಎರಡು ಪುಟಗಳ ನಡುವೆ ಸೇತುವೆ ಕಟ್ಟುವವರು ಮೇಷ್ಟ್ರು. ಕಟ್ಟದಿದ್ದರೆ ಮಕ್ಕಳು ಎರಡನ್ನೂ ಬಾಯಿಪಾಠ ಮಾಡುತ್ತಾರೆ.

ಬಾಯಿಪಾಠದ ಮಾತು ಬಂತು, ಗೈಡುಗಳ ವಿಷಯವನ್ನೂ ಹೇಳಿಬಿಡುತ್ತೇನೆ. ಪರೀಕ್ಷೆಗೆ ಹತ್ತು ದಿನ ಮುಂಚೆ ಕೊಳ್ಳುವ ತೆಳ್ಳನೆಯ ಪ್ರಶ್ನೋತ್ತರ ಪುಸ್ತಕ ನಮ್ಮ ಕಲಾ ವಿಭಾಗಗಳಿಗೆ ಮಾಡಿರುವ ಕೇಡು ಸಣ್ಣದಲ್ಲ. ಅದರಲ್ಲಿ ಇತಿಹಾಸ ಎಂದರೆ ಕಾರಣಗಳು ಆರು, ಪರಿಣಾಮಗಳು ಐದು. ಯಾರು ಹೇಳಿದರು, ಯಾವ ಆಧಾರದ ಮೇಲೆ ಹೇಳಿದರು ಎಂಬ ಮಾತೇ ಇಲ್ಲ. ಧಾರವಾಡದ ಸಪ್ತಾಪುರದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಕೆ.ಎ.ಎಸ್. ತರಬೇತಿಗೆ ರೂಮು ಮಾಡಿಕೊಂಡು ಕೂತ ನಮ್ಮ ಹಳೆಯ ವಿದ್ಯಾರ್ಥಿಗಳ ಬಗ್ಗೆ ನನಗೆ ಅಪಾರ ಗೌರವವಿದೆ. ಒಂದು ನೇಮಕಾತಿ ಪ್ರಕಟಣೆಗೆ ವರ್ಷಗಟ್ಟಲೆ ಕಾಯುವ ತಾಳ್ಮೆ ಅವರದು. ಆದರೆ ಅಲ್ಲಿಯೂ ಇದೇ ಆರು ಕಾರಣ, ಐದು ಪರಿಣಾಮ. ನಾಳೆ ತಹಶೀಲ್ದಾರರಾಗಿ ಎರಡು ಪಹಣಿ ಮುಂದಿಟ್ಟುಕೊಂಡು ಯಾವುದನ್ನು ನಂಬಬೇಕು ಎಂದು ತೀರ್ಮಾನಿಸಬೇಕಾದ ದಿನ ಆ ಪಟ್ಟಿ ಕೈ ಹಿಡಿಯುವುದಿಲ್ಲ. ಎರಡು ಶಾಸನ ಎರಡು ಮಾತು ಹೇಳಿದಾಗ ಏನು ಮಾಡಬೇಕು ಎಂದು ಕಲಿತವರಿಗೆ ಆ ಕೆಲಸ ಹೊಸದಾಗಿ ಕಾಣುವುದಿಲ್ಲ.

ಆಧಾರ ಹುಡುಕಿ ಓದುವುದು ಎಂದರೆ ಏನು ಎಂದು ಮೈಸೂರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1905ರಲ್ಲಿ ಅಲ್ಲಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಒಂದು ತಾಳೆಗರಿ ಕಟ್ಟು ಬಂತು. ಗ್ರಂಥ ಲಿಪಿ. ಬಿಡಿಸಿ ನೋಡಿದರೆ ಕೌಟಿಲ್ಯನ ಅರ್ಥಶಾಸ್ತ್ರ. ಇತರ ಗ್ರಂಥಗಳಲ್ಲಿ ಪ್ರಸ್ತಾಪವಿದ್ದು ಮೂಲವೇ ಕಳೆದುಹೋಯಿತು ಎಂದು ಲೋಕ ನಂಬಿದ್ದ ಪುಸ್ತಕ. 1909ರಲ್ಲಿ ಸಂಸ್ಕೃತ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಅವರು ಹೊರತಂದರು. ಆ ಪುಸ್ತಕ ಯಾವ ವಿಭಾಗಕ್ಕೆ ಸೇರಬೇಕು? ತೆರಿಗೆ ಇದೆ, ಸೈನ್ಯ ಇದೆ, ಗೂಢಚಾರರಿದ್ದಾರೆ, ಸಾಲದ ಬಡ್ಡಿ ಇದೆ, ದಾಯಭಾಗ ಇದೆ, ಸಾಕ್ಷಿಗಳ ವಿಚಾರಣೆ ಇದೆ. ಎಚ್‌ಇಪಿಯ ಮೂರೂ ಅಕ್ಷರಗಳು ಅದರಲ್ಲಿವೆ, ಮೇಲೆ ಎಲ್‌ಎಲ್‌ಬಿಯೂ ಇದೆ. ಅಂಥ ಪುಸ್ತಕವನ್ನು ಹೊರತಂದ ಊರಿನಲ್ಲೇ 1916ರಲ್ಲಿ ವಿಶ್ವವಿದ್ಯಾನಿಲಯ ಹುಟ್ಟಿತು.

ಅದೇ ವರ್ಷ ಅದೇ ಊರಿನಲ್ಲಿ ಹುಟ್ಟಿದವರು ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್. ಮಹಾರಾಜ ಕಾಲೇಜಿನಲ್ಲಿ ಓದಿ, ಮುಂಬಯಿಗೆ, ಆಮೇಲೆ ಆಕ್ಸ್‌ಫರ್ಡಿಗೆ ಹೋದವರು. 1948ರಲ್ಲಿ ಮೈಸೂರಿಗೆ ಹತ್ತಿರದ ಒಂದು ಹಳ್ಳಿಯಲ್ಲಿ ನೆಲೆನಿಂತು ಅಲ್ಲಿನ ಬದುಕನ್ನು ಟಿಪ್ಪಣಿ ಮಾಡಿದರು. ಆ ಹಳ್ಳಿಯನ್ನು ರಾಮಪುರ ಎಂದು ಕರೆದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಕೂತು ಪುಸ್ತಕ ಬರೆಯಲು ಹೊರಟಾಗ, ಯಾರೋ ಹಚ್ಚಿದ ಬೆಂಕಿಯಲ್ಲಿ ವರ್ಷಾನುವರ್ಷ ಸಂಸ್ಕರಿಸಿಟ್ಟಿದ್ದ ಟಿಪ್ಪಣಿಗಳು ಸುಟ್ಟುಹೋದವು. ದಿನಾಂಕ ನೋಡಿ: ಏಪ್ರಿಲ್ 24. ಮೂರು ವರ್ಷದ ನಂತರ ಅದೇ ದಿನ ಕೇಶವಾನಂದ ಭಾರತಿ ತೀರ್ಪು. ಇದರಲ್ಲಿ ಅರ್ಥವೇನೂ ಇಲ್ಲ, ದಿನಾಂಕ ನೆನಪಿಡಲು ಮಕ್ಕಳಿಗೆ ಹೇಳುತ್ತೇನೆ ಅಷ್ಟೆ. ಶ್ರೀನಿವಾಸ್ ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಬಂತು. ಗೌಡರ ಮನೆಯ ಜಗುಲಿ, ಜಗಳ ತೀರಿಸುವ ಹಿರಿಯರು, ಎಲ್ಲ ಅದರಲ್ಲಿ ಜೀವಂತ. ಹಳ್ಳಿಯ ಪಂಚಾಯ್ತಿಕಟ್ಟೆಯಲ್ಲಿ ತೀರ್ಪು ಯಾರ ಬಾಯಿಂದ ಬರುತ್ತದೆ, ಯಾಕೆ ಅವರ ಬಾಯಿಂದಲೇ ಬರುತ್ತದೆ ಎಂಬುದನ್ನು ಅವರು ಪ್ರಬಲ ಜಾತಿ ಎಂಬ ಪರಿಕಲ್ಪನೆಯಿಂದ ವಿವರಿಸಿದರು. ಭೂಮಿ, ಸಂಖ್ಯೆ, ಸ್ಥಾನಮಾನ ಒಂದೆಡೆ ಕೂಡಿದಲ್ಲಿ ಮಾತಿನ ತೂಕವೂ ಕೂಡುತ್ತದೆ. ಇದನ್ನು ಓದಿದ ವಕೀಲ ನಾಳೆ ಸಾಕ್ಷಿಕಟ್ಟೆಯಲ್ಲಿ ನಿಂತ ಕೂಲಿಕಾರನ ತಡವರಿಕೆಗೆ ಸುಳ್ಳು ಎಂಬ ಒಂದೇ ಅರ್ಥ ಹಚ್ಚಲಾರ.

ಭೂಸುಧಾರಣೆಯ ಕತೆಯನ್ನೂ ಹೀಗೆಯೇ ಓದಿಸಬೇಕು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದರು. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರವೂ ಆ ಜಗಳದ ಒಳಗಿತ್ತು. ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡರು ಜೊತೆ ನಿಂತರು, ರಾಮ ಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಎರಡು ದಶಕ ಕಳೆದು, ದೇವರಾಜ ಅರಸರ ಕಾಲದಲ್ಲಿ ತಿದ್ದುಪಡಿಯಾದ ಕಾನೂನು 1974ರ ಮಾರ್ಚ್ ಒಂದರಿಂದ ಗೇಣಿ ಪದ್ಧತಿಯನ್ನೇ ತೆಗೆದುಹಾಕಿತು. ಉಳುವವರು ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಗೆ ಕೊಡಬೇಕಿತ್ತು. ಆ ಮಂಡಳಿಯ ಮುಂದೆ ವಕೀಲರು ಬರುವಂತಿರಲಿಲ್ಲ. ಕಾನೂನು ಓದಿದವರ ಮಾತಿನ ಮುಂದೆ ಓದದ ಗೇಣಿದಾರ ಸೋಲಬಾರದು ಎಂಬುದು ಅದರ ಹಿಂದಿನ ಕಾಳಜಿ. 1987ರಲ್ಲಿ ಸುಪ್ರೀಂ ಕೋರ್ಟು ಆ ನಿಷೇಧವನ್ನು ತೆಗೆಯಿತು, ವಕೀಲರ ಕಾಯಿದೆ ಕೊಟ್ಟ ಹಕ್ಕಿಗೆ ಅದು ವಿರುದ್ಧ ಎಂದು. ಎರಡರಲ್ಲಿ ಯಾವುದು ಸರಿ? ತರಗತಿಯಲ್ಲಿ ಈ ಪ್ರಶ್ನೆ ಇಟ್ಟು ಸುಮ್ಮನೆ ನಿಲ್ಲುತ್ತೇನೆ. ಗೇಣಿದಾರರ ಮೊಮ್ಮಕ್ಕಳು, ಧಣಿಗಳ ಮೊಮ್ಮಕ್ಕಳು ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ. ಅಲ್ಲಿ ಏಳುವ ವಾದದಲ್ಲಿ ನಾನು ಕಲಿತಿರುವುದು ಪುಸ್ತಕದಿಂದ ಕಲಿತದ್ದಕ್ಕಿಂತ ಕಡಿಮೆಯಲ್ಲ.

ನನಗೆ ಎಲ್ಲಕ್ಕಿಂತ ಹತ್ತಿರದ ವಿಷಯಕ್ಕೆ ಈಗ ಬರುತ್ತೇನೆ. ಆ ಹುಡುಗಿ ತಂದ ಕವರಿನಲ್ಲಿ ಇನ್ನೊಂದು ಕಾಗದವಿತ್ತು. ಹಕ್ಕು ಬಿಡುಗಡೆ ಪತ್ರ. ಅವಳ ಸೋದರತ್ತೆಯರಿಬ್ಬರು ಪಿತ್ರಾರ್ಜಿತದಲ್ಲಿ ತಮಗೆ ಯಾವ ಹಕ್ಕೂ ಬೇಡವೆಂದು ಅರಿಶಿನ ಕುಂಕುಮದ ಹೆಸರಿನಲ್ಲಿ ಒಂದಿಷ್ಟು ಹಣ ಪಡೆದು ಸಹಿ ಹಾಕಿದ್ದರು. ಒಬ್ಬರದು ಸಹಿ, ಇನ್ನೊಬ್ಬರದು ಹೆಬ್ಬೆಟ್ಟು. ‘ಅತ್ತೆಗೆ ಓದಿ ಹೇಳಿದ್ರೋ ಇಲ್ವೋ ಗೊತ್ತಿಲ್ಲ ಮೇಡಂ’ ಎಂದಳು.

ಈ ಪತ್ರದ ಬೇರು ಹುಡುಕಲು ಇಲ್ಲಿಂದ ಕಲ್ಯಾಣಕ್ಕೆ ಹೋಗಬೇಕಾಗುತ್ತದೆ, ಈಗಿನ ಬಸವಕಲ್ಯಾಣಕ್ಕೆ. ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ವಿಜ್ಞಾನೇಶ್ವರ ಎಂಬ ಪಂಡಿತ ಯಾಜ್ಞವಲ್ಕ್ಯ ಸ್ಮೃತಿಗೆ ವ್ಯಾಖ್ಯಾನ ಬರೆದ. ಹೆಸರು ಮಿತಾಕ್ಷರಾ. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬ ನಿಲುವು ಅದರದು. ಬಂಗಾಳದಲ್ಲಿ ದಾಯಭಾಗ ಎಂಬ ಬೇರೆ ಗ್ರಂಥ ನಡೆಯಿತು, ಉಳಿದ ಬಹುಪಾಲು ದೇಶದಲ್ಲಿ ಕಲ್ಯಾಣದ ಈ ಪುಸ್ತಕವೇ ನಡೆಯಿತು. 1810ರಲ್ಲಿ ಬ್ರಿಟಿಷ್ ವಿದ್ವಾಂಸ ಕೋಲ್‌ಬ್ರೂಕ್ ಅದರ ದಾಯವಿಭಾಗವನ್ನು ಇಂಗ್ಲಿಷಿಗೆ ತಂದ ಮೇಲೆ ಬ್ರಿಟಿಷ್ ನ್ಯಾಯಾಧೀಶರು ಅದನ್ನೇ ಹಿಡಿದು ತೀರ್ಪು ಬರೆದರು. ಕನ್ನಡ ನೆಲದಲ್ಲಿ ಕೂತು ಬರೆದ ಒಂದು ವ್ಯಾಖ್ಯಾನ ಕೋಟ್ಯಂತರ ಮನೆಗಳ ಪಾಲು ಹಂಚಿತು. ಇದನ್ನು ಹೆಮ್ಮೆಯಿಂದ ಹೇಳಬೇಕೋ ನೋವಿನಿಂದ ಹೇಳಬೇಕೋ? ಆ ಪುಸ್ತಕದ ವಿದ್ವತ್ತು ದೊಡ್ಡದು. ಅದನ್ನು ಹಿಡಿದು ನಡೆದ ನ್ಯಾಯದಲ್ಲಿ ಮಗಳಿಗೆ ಮಗನ ಜೊತೆ ಸಮಪಾಲು ಇರಲಿಲ್ಲ. ಎರಡನ್ನೂ ಒಟ್ಟಿಗೆ ಹಿಡಿದು ಓದಲು ಬರಬೇಕು. ಮಾನವಿಕ ವಿಷಯಗಳ ಓದು ನನಗೆ ಕಲಿಸಿದ್ದು ಬಹುಶಃ ಇದೊಂದನ್ನೇ.

ಮೈಸೂರು ಸಂಸ್ಥಾನ 1933ರಷ್ಟು ಹಿಂದೆಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾನೂನು ಮಾಡಿ, ಪಾಲಾಗುವಾಗ ವಿಧವೆಗೆ, ತಾಯಿಗೆ, ಮದುವೆಯಾಗದ ಮಗಳಿಗೆ ಒಂದಂಶ ಕೊಡಿಸಿತು. ಇದು ನಮ್ಮವರಿಗೇ ಗೊತ್ತಿಲ್ಲ. 1994ರಲ್ಲಿ ಕರ್ನಾಟಕ ಮಗಳನ್ನೂ ಹುಟ್ಟಿನಿಂದ ಹಕ್ಕುದಾರಳೆಂದು ಒಪ್ಪಿತು, ಆದರೆ ಆ ಹೊತ್ತಿಗಾಗಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಆ ತೊಡಕನ್ನು ತೆಗೆಯಿತು. ಆಮೇಲೂ ತಂದೆ ಆ ದಿನ ಬದುಕಿರಬೇಕಿತ್ತೇ ಇಲ್ಲವೇ ಎಂಬ ಗೊಂದಲ ಉಳಿದಿತ್ತು. 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಬೇಕಿಲ್ಲ, ಹಕ್ಕು ಹುಟ್ಟಿನಿಂದ ಬಂದದ್ದು ಎಂದಿತು. ವಿಜ್ಞಾನೇಶ್ವರ ಮಗನಿಗೆ ಕೊಟ್ಟ ಹುಟ್ಟಿನ ಹಕ್ಕು ಮಗಳ ಕೈಗೆ ಬರಲು ಒಂಬತ್ತು ಶತಮಾನ ಹಿಡಿಯಿತು.

ಹಾಗಿದ್ದರೂ ಹಕ್ಕು ಬಿಡುಗಡೆ ಪತ್ರಗಳಿಗೆ ಸಹಿ ಬೀಳುವುದು ನಿಂತಿಲ್ಲ. ಯಾಕೆ? ಕಾನೂನಿನ ಪುಸ್ತಕ ಇಷ್ಟಕ್ಕೇ ಮುಗಿಯುತ್ತದೆ, ಸಮಾಜಶಾಸ್ತ್ರ ಇಲ್ಲಿಂದ ಶುರುವಾಗುತ್ತದೆ. ತರಗತಿಯಲ್ಲಿ ಕೇಳಿದೆ. ‘ಪಾಲು ತಗೊಂಡ್ರೆ ತವರಿಗೆ ಕರೆಯಲ್ಲ ಮೇಡಂ’ ಎಂದಳು ಒಬ್ಬಳು. ‘ಗೌರಿ ಹಬ್ಬಕ್ಕೆ ಬಾಗಿನ ಬರಲ್ಲ’ ಎಂದಳು ಇನ್ನೊಬ್ಬಳು. ‘ನಾಳೆ ಗಂಡನ ಮನೇಲಿ ಹೆಚ್ಚುಕಮ್ಮಿ ಆದ್ರೆ ಎಲ್ಲಿಗೆ ಹೋಗೋದು?’ ಎಂದಳು ಮತ್ತೊಬ್ಬಳು. ಗಂಡುಹುಡುಗರು ಮೊದಲು ಗದ್ದಲ ಮಾಡಿದರು, ಆಮೇಲೆ ಕೇಳುತ್ತ ಕೂತರು. ಅವರಲ್ಲೊಬ್ಬ ಎದ್ದು, ತನ್ನ ಅಕ್ಕನ ಸಹಿ ಮುಂದಿನ ತಿಂಗಳು ಹಾಕಿಸಬೇಕು ಎಂದು ಮನೆಯಲ್ಲಿ ಮಾತಾಗಿದೆ ಎಂದ. ಅದಕ್ಕಿಂತ ಹೆಚ್ಚು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೂರು ವರ್ಷದ ಬಿ.ಎ. ಏನು ಕೊಡುತ್ತದೆ ಎಂದು ಕೇಳುವವರಿಗೆ ನನ್ನಲ್ಲಿರುವ ಉತ್ತರ ಆ ಒಂದು ಗಂಟೆ.

ಕಾನೂನು ಓದಲು ಈಗ ನಮ್ಮಲ್ಲಿ ಎರಡು ದಾರಿ. ಪಿ.ಯು.ಸಿ. ಆದ ಮೇಲೆ ಐದು ವರ್ಷ, ಪದವಿ ಆದ ಮೇಲೆ ಮೂರು ವರ್ಷ. ಐದು ವರ್ಷದ ಓದನ್ನು ದೇಶಕ್ಕೆ ಮಾದರಿಯಾಗಿ ತೋರಿಸಿದ್ದು ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ. ಎನ್.ಆರ್. ಮಾಧವ ಮೆನನ್ ಅವರ ನೇತೃತ್ವದಲ್ಲಿ 1988ರಲ್ಲಿ ಮೊದಲ ತಂಡ ಸೇರಿತು. ಅಲ್ಲಿ ಮಕ್ಕಳು ಒಪ್ಪಂದದ ಕಾನೂನಿನ ಜೊತೆಗೇ ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ ಓದುತ್ತಾರೆ. ಅದು ಸರಿಯಾದ ದಾರಿ ಎಂದೇ ನನ್ನ ನಂಬಿಕೆ. ಆದರೆ ಅಲ್ಲಿಗೆ ಹೋಗಲು ಬೇಕಾದ ಇಂಗ್ಲಿಷು, ಪ್ರವೇಶ ಪರೀಕ್ಷೆಯ ತರಬೇತಿಯ ಖರ್ಚು ನಮ್ಮ ತಾಲ್ಲೂಕಿನ ಮಕ್ಕಳಿಗೆ ದೂರ. ನಾಗರಬಾವಿಯಲ್ಲಿರುವ ಆ ಶಾಲೆಯ ಗೇಟು ಬಸ್ಸಿನಲ್ಲಿ ಹೋದರೆ ಸಿಗುತ್ತದೆ, ಓದಿ ಹೋಗುವುದು ಕಷ್ಟ. ನಮ್ಮ ಮಕ್ಕಳಿಗೆ ಸಿಗುವುದು 2009ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾದ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿಯ ಕಾಲೇಜುಗಳು. ಅಲ್ಲಿ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಬರೆಯಬಹುದು ಸರಿ, ಓದುವುದಕ್ಕೆ ಕನ್ನಡದಲ್ಲಿ ಒಳ್ಳೆಯ ಪುಸ್ತಕಗಳು ಎಷ್ಟಿವೆ? ಕೇಶವಾನಂದ ಭಾರತಿಯ ಕತೆಯನ್ನು, ಮಿತಾಕ್ಷರಾದಿಂದ ವಿನೀತಾ ಶರ್ಮಾವರೆಗಿನ ದಾರಿಯನ್ನು ಕನ್ನಡದಲ್ಲಿ ರಸವಾಗಿ, ಆಧಾರ ಸಹಿತ ಬರೆದು ಕೈಗಿಡುವವರು ಇನ್ನೂ ಬಹಳ ಮಂದಿ ಬೇಕು. ತಾಲ್ಲೂಕು ಕೋರ್ಟಿನಲ್ಲಿ ಕನ್ನಡದಲ್ಲಿ ವಾದ ಮಾಡಲು ಅವಕಾಶವಿದೆ. ದಾವೆ, ತಕರಾರು, ಪಾಟೀಸವಾಲು, ಮುಚ್ಚಳಿಕೆ ಎಂಬ ಮಾತುಗಳು ನಮ್ಮ ಜನರ ಬಾಯಲ್ಲೇ ಇವೆ. ಹೈಕೋರ್ಟಿನ ಹೊಸ್ತಿಲು ದಾಟಿದರೆ ಇಂಗ್ಲಿಷು. ತನ್ನ ಮನೆಯ ಕೇಸು ಯಾವ ವಾಕ್ಯದಿಂದ ಸೋತಿತು ಎಂದು ತಿಳಿಯದ ರೈತನಿಗೆ ಆ ವಾಕ್ಯವನ್ನು ತಿಳಿಯಹೇಳುವವರು ಬೇಕು. ಎರಡು ಭಾಷೆಯಲ್ಲೂ ನಡೆದಾಡಬಲ್ಲ, ಹಳ್ಳಿಯ ಮಾತು ಅರ್ಥವಾಗುವ ವಕೀಲರು ಎಲ್ಲಿಂದ ಬರಬೇಕು? ಮೊದಲ ಬಸ್ಸಿಗೆ ಬರುವ ನನ್ನ ಈ ಮಕ್ಕಳಲ್ಲಿಂದಲೇ ಬರಬೇಕು.

ಈ ಸೆಮಿಸ್ಟರಿನಲ್ಲಿ ಅಸೈನ್‌ಮೆಂಟಿಗೆ ಗೈಡಿನಿಂದ ನಕಲು ಮಾಡುವುದು ಬೇಡ ಎಂದು ಹೇಳಿದ್ದೇನೆ. ಮನೆಯಲ್ಲಿರುವ ಹಳೆಯ ಕಾಗದ ಒಂದನ್ನು ತಂದು, ಯಾರು ಬರೆಸಿದರು, ಯಾಕೆ ಬರೆಸಿದರು, ಅದರಲ್ಲಿ ಯಾರ ಹೆಸರಿಲ್ಲ ಎಂದು ನಾಲ್ಕು ಪುಟ ಬರೆಯಬೇಕು. ಒಬ್ಬ ಅಜ್ಜನ ಫಾರಂ ನಂಬರ್ 7ರ ನಕಲು ತಂದಿದ್ದಾನೆ. ಅದರಲ್ಲಿ ಅಜ್ಜನ ಹೆಸರು ಮಾತ್ರ ಇದೆ. ಜೊತೆಗೆ ಉತ್ತ ಅಜ್ಜಿಯ ಹೆಸರು, ಅಜ್ಜನ ತಂಗಿಯ ಹೆಸರು ಇಲ್ಲ. ಅದು ಇರಬೇಕಿತ್ತೇ, ಕಾನೂನು ಅದಕ್ಕೆ ಜಾಗ ಕೊಟ್ಟಿತ್ತೇ ಎಂದು ಶುರುವಾದ ವಾದ ಕ್ಯಾಂಟೀನಿನವರೆಗೂ ಹೋಯಿತು ಎಂದು ಕೇಳಿದೆ. ನ್ಯಾಯಮಂಡಳಿಯ ಮೂಲ ಆದೇಶ ನೋಡದೆ ತೀರ್ಮಾನ ಬೇಡ ಎಂದು ಕಡೆಗೆ ಅವರೇ ಒಪ್ಪಿಕೊಂಡಿದ್ದಾರೆ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ನಕಲು ಕೇಳಿ ತಹಶೀಲ್ದಾರರಿಗೆ ಅರ್ಜಿ ಕೊಡಬೇಕು. ಅರ್ಜಿ ಬರೆಯುತ್ತಿರುವವಳು ಲಾ ಓದಬೇಕೆಂದಿರುವ ಆ ಹುಡುಗಿ. ಸರ್ವೆ ನಂಬರು, ಹಿಸ್ಸೆ, ಆದೇಶದ ಅಂದಾಜು ವರ್ಷ ಹಾಕಿದ್ದಾಳೆ, ಸೋಮವಾರ ಎಲ್ಲರೂ ಸೇರಿ ಹೋಗಿ ಕೊಡುವುದೆಂದಾಗಿದೆ.